ಹಾಲೆಂಡಿನಲ್ಲಿ ಬಿಚ್ಚಿದ ಗಂಟು

ಶಕುನ, ಹರಕೆ ಎಂದರೆ ನನಗೆ ಮೊದಲಿನಿಂದಲೂ ನಗು. ಬೇಸಾಯವನ್ನೂ ವಿಜ್ಞಾನವೆಂದು ಓದಿದವನು ನಾನು. ಯಾರಾದರೂ ಇಂಥ ಕಥೆ ಹೇಳಿದರೆ ಗೋಳು ಹೊಯ್ದುಕೊಳ್ಳದೆ ಬಿಡುತ್ತಿರಲಿಲ್ಲ. ಈಗ ನಾನೇ ಹೇಳಲು ಕೂತಿದ್ದೇನೆ, ನೀವು ನಕ್ಕರೆ ಬೇಸರವಿಲ್ಲ.

ಯುದ್ಧಕ್ಕೆ ಮುಂಚಿನ ಮಾತು. ಇಂಗ್ಲೆಂಡಿನಲ್ಲಿ ಓದುತ್ತಿದ್ದೆ. ನಮ್ಮೂರು ಕ್ಯಾಲನೂರಿನಿಂದ ಹೊರಡುವಾಗ ತಂಗಿ ಶಾರದೆ, ಕುರುಡುಮಲೆ ಗಣಪತಿಯ ಮುಂದಿಟ್ಟು ತಂದ ಅರಿಶಿನದ ದಾರವನ್ನು ನನ್ನ ಬಲಗೈಗೆ ಗಂಟಿನ ಮೇಲೆ ಗಂಟು ಹಾಕಿ ಬಿಗಿದಿದ್ದಳು. ನಂಬಿಕೆಯಿರಲಿಲ್ಲ, ಕತ್ತರಿಸಲು ಮನಸ್ಸೂ ಬರಲಿಲ್ಲ. ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡೇ ತಿರುಗುತ್ತಿದ್ದೆ.

ಆ ವಸಂತದಲ್ಲಿ ಕಾಲೇಜಿನವರು ನಮ್ಮನ್ನು ಹಾಲೆಂಡಿಗೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ದರು. ಯುಗಾದಿ ಅಲ್ಲಿಯೇ ಬಂತು. ಚಿತ್ತೂರಿನ ಸಹಪಾಠಿ ರೆಡ್ಡಿಯೂ ನಾನೂ ಬೇವು ಸಿಗದೆ ಕ್ವಿನೈನ್ ಮಾತ್ರೆಯನ್ನು ಸಕ್ಕರೆಯ ಜೊತೆ ಅಗಿದು ಹಬ್ಬ ಮುಗಿಸಿದೆವು. ಮಾರನೆಯ ಬೆಳಿಗ್ಗೆ ಹಾಲಿನ ಫಾರಂ. ಅಲ್ಲಿನ ಹಸುಗಳ ಕೆಚ್ಚಲು ನೋಡಿ, ನಮ್ಮೂರಿನವರನ್ನು ಕರೆತರಬೇಕಿತ್ತು ಅನ್ನಿಸಿತು. ಮಧ್ಯಾಹ್ನ ಆಮ್‌ಸ್ಟರ್‌ಡ್ಯಾಮ್ ಸುತ್ತಲು ಹೊರಟೆವು.

ಕಾಲುವೆಯ ಸೇತುವೆಯ ಮೇಲೆ ನನ್ನ ಬೂಟಿನ ದಾರ ಬಿಚ್ಚಿಕೊಂಡಿತು. ಕಟ್ಟಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಇನ್ನೊಂದು ಬೂಟಿನದು. ಅದನ್ನು ಕಟ್ಟಿ ಎದ್ದರೆ ಟೈ ಸಡಿಲ. ಫಾರಂನವರು ಕೊಟ್ಟಿದ್ದ ಪೊಟ್ಟಣದ ಹುರಿಯೂ ಬಿಚ್ಚಿ, ಗುಂಡನೆಯ ಚೀಸ್ ಬೀದಿಯಲ್ಲಿ ಉರುಳುತ್ತಾ ಹೋಯಿತು. ರೆಡ್ಡಿ ಹೊಟ್ಟೆ ಹಿಡಿದು ನಕ್ಕ. ನಾನೂ ನಗುತ್ತಲೇ ಅದನ್ನೆತ್ತಲು ಬಗ್ಗಿದೆ. ಆಗ ತೋಳಿನೊಳಗಿಂದ ತಂಗಿಯ ದಾರ ಕೆಳಗೆ ಬಿತ್ತು. ಹರಿದಿರಲಿಲ್ಲ. ಒಂದು ಗಂಟೂ ಉಳಿಯದಂತೆ ಬಿಚ್ಚಿಕೊಂಡಿತ್ತು.

ನನ್ನ ನಗು ನಿಂತಿತು. ಶಾರದೆ ಚೊಚ್ಚಲ ಬಸುರಿ, ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಅವಳಿಗೇನಾಯಿತೋ ಎಂಬ ಭಯ ಪ್ರವಾಸ ಮುಗಿಯುವವರೆಗೂ ಬಿಡಲಿಲ್ಲ. ಗಂಡು ಮಗು, ಇಬ್ಬರೂ ಕ್ಷೇಮ ಎಂಬ ಕಾಗದ ಬಂದಾಗಲೇ ಹೋದ ಜೀವ ಬಂದಂತಾದದ್ದು.

ಉಳಿದದ್ದನ್ನು ಊರಿಗೆ ಮರಳಿದ ಮೇಲೆ ಅಮ್ಮ ಹೇಳಿದಳು. ಯುಗಾದಿಯ ಮಾರನೆಯ ದಿನ ನೋವು ಶುರುವಾಗಿ, ದೀಪ ಹಚ್ಚುವ ಹೊತ್ತಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿಯೂ ಕೈಚೆಲ್ಲಿದಳು. ಆಗ ಹೆರಿಗೆ ಸಲೀಸಾಗಲೆಂದು ನಮ್ಮ ಕಡೆಯ ಪದ್ಧತಿಯಂತೆ ಮನೆಯಲ್ಲಿದ್ದ ಗಂಟನ್ನೆಲ್ಲ ಬಿಚ್ಚಿದರಂತೆ. ದನದ ಕಣ್ಣಿ, ರಾಗಿ ಮೂಟೆ, ಹೆಂಗಸರ ಜಡೆ, ಯಾವುದನ್ನೂ ಬಿಡಲಿಲ್ಲ. ಬೀಗಗಳನ್ನೂ ತೆರೆದಿಟ್ಟರಂತೆ.

"ಎಲ್ಲಾ ಬಿಚ್ಚಿದ್ರೂ ಆಗ್ಲಿಲ್ಲ ಕಣೋ. ಆಮೇಲೆ ನಿನ್ನ ಕೈ ಗಂಟು ಗ್ಯಾಪಕ ಬಂತು, ಇವಳೇ ಕಟ್ಟಿದ್ದಲ್ವಾ. ಅದೂ ಬಿಚ್ಕೊಳ್ಳಲಿ ಸ್ವಾಮಿ ಅಂತ ಕುರುಡುಮಲೆ ದಿಕ್ಕಿಗೆ ಕೈ ಮುಗಿದೆ. ಕೈ ಇಳಿಸೋಷ್ಟರಲ್ಲಿ ಮಗು ಅಳ್ತು."

ನಾನು ಯಾರಿಗೂ ಏನೂ ಬರೆದಿರಲಿಲ್ಲ. ಪೆಟ್ಟಿಗೆಯಿಂದ ದಾರ ತೆಗೆದು ಅಮ್ಮನ ಕೈಗಿಟ್ಟು ನಡೆದದ್ದನ್ನು ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತೆ, ಕೇಳ್ಕೊಂಡಿದ್ನಲ್ಲ," ಎಂದು ಹಾಲು ಉಕ್ಕೀತೆಂದು ಒಳಗೆ ಹೋದಳು.

ಅಲ್ಲಿಯ ಮಧ್ಯಾಹ್ನವೆಂದರೆ ಇಲ್ಲಿ ದೀಪ ಹಚ್ಚುವ ಹೊತ್ತು. ದಾರ ಹಳೆಯದು, ಹವೆ ತೇವದ್ದು ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪಿಲ್ಲ. ಈಗಲೂ ಬೂಟಿನ ದಾರ ಬಿಚ್ಚಿಕೊಂಡರೆ ಕೂಡಲೇ ಕಟ್ಟುವುದಿಲ್ಲ. ಎಲ್ಲೋ ಯಾರೋ ಹೆಣ್ಣುಮಗಳಿಗೆ ಬೇಕಾಗಿರಬಹುದೆಂದು ಸ್ವಲ್ಪ ದೂರ ಹಾಗೆಯೇ ನಡೆಯುತ್ತೇನೆ.