ಸೂತ್ರದ ನಡುವೆ ಬಿಟ್ಟ ಜಾಗ

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರಿನ ಒಂದು ಅಂಚು ಮಾತ್ರ ಸದಾ ಕಪ್ಪಗಿರುತ್ತಿತ್ತು. ಉಳಿದ ಬೆರಳುಗಳು ಪೂಜೆಗೆ ಕೂರುವವರ ಬೆರಳಿನಷ್ಟು ಶುಭ್ರ. ಟೈಪ್‌ರೈಟರಿನಲ್ಲಿ ಇಲ್ಲದ ಚಿಹ್ನೆಗಳನ್ನು ಅವರು ಪೆನ್ನಿನಿಂದ ಬರೆಯುತ್ತಿದ್ದರು. ಆ ಕಪ್ಪು ಅದರ ಶಾಯಿಯದು.

ರಾಜಾಜಿನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ. ಎಂಬತ್ತರ ದಶಕದ ನಡುವೆ ನನ್ನ ಗಣಿತದ ಪ್ರಬಂಧ ಟೈಪ್ ಮಾಡಿಸಲೆಂದು ಆ ಮೆಟ್ಟಿಲು ಹತ್ತಿದ್ದೆ. ಎಲ್ಲರಂತೆ ನನಗೂ ಅವರು ಮೇಷ್ಟ್ರೇ.

ಅಕ್ಷರದ ತಲೆಯ ಮೇಲೆ ಕೂರುವ ಘಾತದ ಅಂಕಿ ಬಂದಾಗ ರೋಲರನ್ನು ಅರ್ಧ ಸಾಲಿನಷ್ಟು ತಿರುಗಿಸಿ, ಅಂಕಿ ಒತ್ತಿ, ಮತ್ತೆ ಅಷ್ಟೇ ಹಿಂದಕ್ಕೆ ತರುತ್ತಿದ್ದರು. “ಮಹಡಿ ಮನೆಯವ್ರನ್ನ ಕೆಳಗೆ ಕೂರಿಸ್ಬಾರ್ದಮ್ಮ, ಬಾಡಿಗೆ ಲೆಕ್ಕಾನೇ ಬೇರೆ” ಎಂದು ನಗುತ್ತಿದ್ದರು. ಗ್ರೀಕ್ ಅಕ್ಷರ, ಅನುಕಲನದ, ಅಂದರೆ ಇಂಟಿಗ್ರಲ್‌ನ, ಉದ್ದನೆಯ ಕೊಕ್ಕೆ ಬರುವ ಕಡೆ ಅಳೆದಂತೆ ಜಾಗ ಬಿಟ್ಟು ಮುಂದೆ ಹೋಗುವರು. ಅಧ್ಯಾಯ ಮುಗಿದ ಮೇಲೆ, ಕೆಳಗೆ ಗಿರಣಿ ನಿಂತಾಗ, ಆ ಜಾಗಗಳನ್ನೆಲ್ಲ ನಿಬ್ಬಿನ ಪೆನ್ನಿನಿಂದ ತುಂಬುವರು. ಗಿರಣಿ ಓಡುವಾಗ ಮೇಜು ಸಣ್ಣಗೆ ನಡುಗುತ್ತಿತ್ತು. ಆ ನಡುಕ ಟೈಪಿನಲ್ಲಿ ಕಾಣುವುದಿಲ್ಲ, ಪೆನ್ನಿನಲ್ಲಿ ಕಾಣುತ್ತದೆ.

ಕೊನೆಯ ಅಧ್ಯಾಯ ಟೈಪಾಗಿ ಬಹಳ ದಿನವಾದರೂ ಕೈಗೆ ಬರಲಿಲ್ಲ. ಒಂದು ಮಧ್ಯಾಹ್ನ ಹೋದೆ. ಬಾಗಿಲು ತೆರೆದಿತ್ತು. ಮೇಷ್ಟ್ರು ಹಾಳೆಯ ಮೇಲೆ ಬಗ್ಗಿದ್ದರು. ನಿಬ್ಬಿನಲ್ಲಿ ಶಾಯಿ ಇರಲಿಲ್ಲ. ಖಾಲಿ ಜಾಗದ ಮೇಲೆ, ಕಾಗದಕ್ಕೆ ತಾಗದಂತೆ, ಗಾಳಿಯಲ್ಲಿ ಆ ಕೊಕ್ಕೆ ಎಳೆಯುತ್ತಿದ್ದರು. ನಿಬ್ಬು ನಡುಗಿತು. ಇನ್ನೊಮ್ಮೆ ಎಳೆದರು. ಮತ್ತೂ ನಡುಗಿತು.

ನನ್ನನ್ನು ಕಂಡು ಪೆನ್ನು ಕೆಳಗಿಟ್ಟರು. “ಗಿರಣಿ ಓಡ್ತಾ ಇದೆಯಲ್ಲಮ್ಮ. ನಿಲ್ಲಲಿ, ಬರ್ದುಬಿಡ್ತೀನಿ.”

ಅಂದು ಗಿರಣಿಗೆ ರಜೆ. ಮೆಟ್ಟಿಲು ಹತ್ತುವಾಗ ಅದರ ಬೀಗ ನೋಡಿಕೊಂಡೇ ಬಂದಿದ್ದೆ.

“ಹೌದು ಸಾರ್, ಓಡ್ತಾ ಇದೆ” ಅಂದೆ. ಆಮೇಲೆ, “ನಾನೇ ತುಂಬ್ಲಾ ಸಾರ್?” ಎಂದು ಕೇಳಿದೆ.

“ನಿನ್ನ ಕೈಗೆ ಸಾಲಲ್ಲಮ್ಮ. ಅದು ನನ್ನ ಕೈ ಅಳತೆಗೆ ಬಿಟ್ಟಿರೋ ಜಾಗ.” ಹಾಳೆಗಳ ಅಂಚು ಸರಿಮಾಡುತ್ತ ಕೇಳಿದರು: “ಪ್ರಬಂಧ ಕೊಡೋದು ಯಾವತ್ತು?”

ಹೇಳಿದೆ.

“ಅಷ್ಟರೊಳಗೆ ನಿಲ್ಲುತ್ತೆ ಬಿಡು.”

ಆ ದಿನ ಬರುವ ಮುಂಚೆಯೇ ಅವರು ನಿದ್ದೆಯಲ್ಲೇ ತೀರಿಕೊಂಡರು. ಅವರ ಹೆಂಡತಿ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಆ ಪೆನ್ನನ್ನೂ ಇಟ್ಟು ನನ್ನ ಕೈಗೆ ಕೊಟ್ಟರು. “ನಿಂದು ಮುಗೀಲಿಲ್ಲ ಅಂತಾನೇ ಇದ್ರು ಕಣಮ್ಮ. ರಾತ್ರಿ ಮಲಗಿದಾಗ್ಲೂ ಗಿರಣಿ ಓಡ್ತಾ ಇದೆ ಅನ್ನೋರು. ನಂಗೇನೂ ಕೇಳಿಸ್ತಾನೇ ಇರ್ಲಿಲ್ಲ. ನಿಂಗೆ ಕೇಳಿಸ್ತಿತ್ತಾ?”

ಹೂಂ ಅಂದೆ.

ಟೈಪು ನಿರ್ದೋಷವಾಗಿತ್ತು. ತುಂಬಲು ಕೂತೆ. ಮೇಷ್ಟ್ರು ಹೇಳಿದ್ದು ನಿಜ: ನನ್ನ ಕೊಕ್ಕೆಗೆ ಹೊಟ್ಟೆ ದೊಡ್ಡದು, ಅದು ಪಕ್ಕದ ಅಕ್ಷರವನ್ನು ತಾಗುತ್ತಿತ್ತು. ಅವರು ತುಂಬಿಕೊಟ್ಟಿದ್ದ ಹಳೆಯ ಅಧ್ಯಾಯಗಳನ್ನು ಎದುರಿಗಿಟ್ಟುಕೊಂಡು, ರದ್ದಿ ಕಾಗದದ ಮೇಲೆ ಅವರ ಗೆರೆಯನ್ನು ಕಲಿತೆ. ಕಿರಿದು, ತುಸು ಬಲಕ್ಕೆ ವಾಲಿದ್ದು, ತುದಿಯಲ್ಲಿ ಬಿಗಿಯಾಗಿ ಮಡಚಿದ್ದು. ಕೊನೆಗೆ ಅದು ಆ ಜಾಗದಲ್ಲಿ ಕೂತಿತು. ಪ್ರಬಂಧದಲ್ಲಿ ಎರಡು ಕೈಗಳಿವೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಿದ ಅಷ್ಟೂ ವರ್ಷ ಹಲಗೆಯ ಮೇಲೆ ನಾನು ಬರೆದದ್ದು ಅವರದೇ ಕೊಕ್ಕೆ. ನನ್ನದು ಹೇಗಿತ್ತೋ ಮರೆತಿದೆ.

ಈಗ ಸೂತ್ರಗಳನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತೇನೆ. ಒತ್ತಿದರೆ ಕೊಕ್ಕೆ ತಾನಾಗಿ ಬರುತ್ತದೆ, ಒಂದಿಷ್ಟೂ ನಡುಗದೆ. ಅದರ ಪಕ್ಕದಲ್ಲಿ ಚುಕ್ಕಿಗೆರೆಯ ಒಂದು ಖಾಲಿ ಚೌಕ, ಏನಾದರೂ ತುಂಬಲೆಂದು ಕಾಯುತ್ತಿರುತ್ತದೆ. ಅದನ್ನು ಕಂಡಾಗಲೆಲ್ಲ ನನ್ನ ಕೈ ನಿಲ್ಲುತ್ತದೆ. ಮನೆಯಲ್ಲಿ ಸದ್ದಿರುವುದಿಲ್ಲ. ಆದರೂ ಅಂಗೈಯನ್ನು ಮೇಜಿನ ಮೇಲೆ ಊರಿ ನೋಡುತ್ತೇನೆ, ಗಿರಣಿ ಓಡುತ್ತಿದೆಯೇ ಎಂದು.