ವೈಕುಂಠ ಬೇಡವೆಂದ ದೊಡ್ಡತ್ತೆ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ನನ್ನ ಫೋನು ಟಿಣ್ ಎಂದು ಸದ್ದು ಮಾಡಿ ‘ವೈಕುಂಠ ನಿಮಗಾಗಿ ಕಾಯುತ್ತಿದೆ’ ಎಂದು ತಿಳಿಸಿತು. ಗಾಬರಿಯಾಗಬೇಡಿ. ಅದು ಪರಮಪದದ ಆಟದ ಆ್ಯಪು. ಬಹಳ ದಿನದಿಂದ ನಾನು ಆಡಿಲ್ಲವೆಂದು ಅದಕ್ಕೆ ಬೇಸರ, ಅಷ್ಟೆ. ಹಾವು ಏಣಿ ಆಟಕ್ಕೆ ಇದು ಅಣ್ಣನಾಗಬೇಕು. ಏಣಿಗಳೆಲ್ಲ ಪುಣ್ಯ, ಹಾವುಗಳೆಲ್ಲ ಪಾಪ, ತುದಿಯ ಮನೆ ವೈಕುಂಠ. ಮುಳಬಾಗಿಲಿನಲ್ಲಿ ನಮ್ಮಂತೆ ಮನೆಯೊಳಗೆ ಅರ್ಧ ತೆಲುಗು ಆಡುವವರು ಇದನ್ನು ವೈಕುಂಠಪಾಳಿ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಮಾತ್ರ ಈ ಆಟವನ್ನು ಯಾರೂ ಗೆಲ್ಲುವಂತಿರಲಿಲ್ಲ. ಕಾರಣ, ನಾನು ಯಾರ ಮನೆಯಲ್ಲಿದ್ದೇನೋ ಆ ದೊಡ್ಡತ್ತೆ ಸೀತಮ್ಮ. ‘ವೈಕುಂಠ ಸೇರಿದರು’ ಅಂದರೆ ನಮ್ಮ ಕಡೆ ಏನರ್ಥವೆಂದು ನಿಮಗೂ ಗೊತ್ತು; ಕೂತಲ್ಲೇ ಕವಡೆ ಎಸೆದು ಅಲ್ಲಿಗೆ ಹೋಗಲು ತನಗೇನು ಹುಚ್ಚೇ ಎಂಬುದು ಅವರ ವಾದ. ಕೊನೆಯ ಸಾಲಿಗೆ ಬಂದರೆ ಸಾಕು, ಎಣಿಕೆ ತಪ್ಪಿಸಿ ತಮ್ಮ ಕಾಯಿಯನ್ನು ತಾವೇ ಹಾವಿನ ಬಾಯಿಗೆ ಇಡುತ್ತಿದ್ದರು. ಜನ ಗೆಲ್ಲಲು ಮೋಸ ಮಾಡುತ್ತಾರೆ, ಅತ್ತೆ ಸೋಲಲು ಮಾಡುತ್ತಿದ್ದರು. ನಾನು ವಿಜ್ಞಾನದ ಮೇಷ್ಟರು, ಮುಸಿಮುಸಿ ನಗುತ್ತಿದ್ದೆ.

ನಗಬಾರದಿತ್ತು. ಈ ನಂಬಿಕೆಯಿಂದಲೇ ಅವರು ಒಡಹುಟ್ಟಿದ ತಂಗಿಯನ್ನು ದೂರ ಮಾಡಿಕೊಂಡಿದ್ದರು. ಶ್ರೀನಿವಾಸಪುರದ ಚಿಕ್ಕತ್ತೆ ರತ್ನಮ್ಮ ಒಮ್ಮೆ ನಮ್ಮ ಅಜ್ಜಿಯ ಜೊತೆ ಆಡುತ್ತ, ಅಜ್ಜಿಯ ಕಾಯಿಯನ್ನೂ ತಾವೇ ನಡೆಸಿ ಗೆಲ್ಲಿಸಿಬಿಟ್ಟರು. ವಾರದೊಳಗೆ ಅಜ್ಜಿ ತೀರಿಹೋದರು. ವೈಕುಂಠ ಸಮಾರಾಧನೆಯ ದಿನ ಎಲ್ಲರೆದುರು ದೊಡ್ಡತ್ತೆ, “ಅಮ್ಮನ್ನ ಕಳಿಸಿದ್ದು ನೀನೇ ಕಣೇ” ಅಂದರು. ಚಿಕ್ಕತ್ತೆ ಎಲೆ ಬಿಟ್ಟು ಎದ್ದು ಹೋದರು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ, ಕತೆಯಿಲ್ಲ. ಆದರೆ ಮಾವಿನ ಕಾಲದಲ್ಲಿ ದೊಡ್ಡತ್ತೆ ಗಾಡಿಯವನನ್ನು ನಿಲ್ಲಿಸಿ, “ಶ್ರೀನಿವಾಸಪುರದ್ದೇನಪ್ಪಾ? ಯಾರ ತೋಟದ್ದು?” ಎಂದು ವಿಚಾರಿಸುತ್ತಿದ್ದರು. ಯಾರೂ ಕೇಳದಿದ್ದರೂ, “ಅವಳೆಲ್ಲಿ ಬರ್ತಾಳೆ ಬಿಡು” ಅನ್ನುತ್ತಿದ್ದರು.

ಹೊತ್ತು ಕಳೆಯಲೆಂದು ಅವರ ಫೋನಿಗೆ ಈ ಆಟ ಹಾಕಿಕೊಟ್ಟ ಬುದ್ಧಿವಂತ ನಾನೇ. ಹೆಸರು ಕೇಳಿತು, ‘ಸೀತಮ್ಮ’ ಎಂದು ಬರೆದೆ. ಭಾಷೆ ಕೇಳಿತು, ಅಭಿಮಾನದಿಂದ ಕನ್ನಡ ಒತ್ತಿದೆ. ಎದುರಾಳಿ ಯಂತ್ರ. “ಅದು ಹೋಗ್ಲಿ ಬಿಡು ವೈಕುಂಠಕ್ಕೆ, ಅದಕ್ಕೇನು ಮಕ್ಕಳಾ ಮರಿಯಾ” ಎಂದು ಅತ್ತೆ ಧಾರಾಳವಾಗಿ ಸೋಲತೊಡಗಿದರು. ಫೋನಿನ ದಾಳದಲ್ಲಿ ಎಣಿಕೆ ತಪ್ಪಿಸಲಾಗದು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದರೆ ಅತ್ತೆ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ತುಳಸಿ ನೀರಿನ ಲೋಟ ಹಿಡಿದು ಚಾಪೆಯ ಮೇಲೆ ಕೂತಿದ್ದರು.

“ಗೆದ್ದುಬಿಟ್ಟೆ ಕಣೋ. ನಿಲ್ಸಾಣ ಅಂತ ಹಸಿರು ಗುಂಡಿ ಒತ್ತಿದೆ, ನಿಲ್ಲಲಿಲ್ಲ.”

ಹಸಿರು ಗುಂಡಿ ಇದ್ದದ್ದು ಗೆಲುವನ್ನು ನಾಲ್ಕು ಜನಕ್ಕೆ ಸಾರಲು. ನೆಂಟರ ವಾಟ್ಸಾಪ್ ಗುಂಪಿಗೆ ಸಂದೇಶ ಹೋಗಿತ್ತು: ‘ಅಭಿನಂದನೆಗಳು! ಸೀತಮ್ಮ ವೈಕುಂಠ ಸೇರಿದ್ದಾರೆ.’ ಕೆಳಗೆ ಸಾಲುಸಾಲು ಓಂ ಶಾಂತಿ. ಅಭಿನಂದನೆ ಯಾಕೆಂದು ಒಬ್ಬರೂ ಕೇಳಿರಲಿಲ್ಲ. ದೇವರಾಯಸಮುದ್ರದ ನೆಂಟರೊಬ್ಬರು ‘ಪುಣ್ಯಾತ್ಮರು, ಸಲ್ಲಬೇಕಾದ್ದೇ’ ಎಂದೂ ಬರೆದಿದ್ದರು.

‘ಅತ್ತೆ ಸತ್ತಿಲ್ಲ’ ಎಂದು ನಾನು ಟೈಪು ಮಾಡುವಷ್ಟರಲ್ಲಿ ಬಾಗಿಲಿಗೆ ಆಟೋ ಬಂತು. ಸೇವಂತಿಗೆ ಹಾರ ಹಿಡಿದು ಗೋಳೋ ಎಂದು ಅಳುತ್ತ ಒಳಗೆ ಬಂದ ಚಿಕ್ಕತ್ತೆ, ಕೂತಿದ್ದ ಹೆಣವನ್ನು ನೋಡಿ ನಿಂತುಬಿಟ್ಟರು. ಗಾಬರಿಗೆ ತೆಲುಗೇ ಮೊದಲು ಬಂತು.

“ಏಮಕ್ಕಾ, ಬತಿಕೇ ಉಂಡಾವಾ? ಬದುಕಿದ್ದೀಯಾ?”

“ನೀನು ಬರ್ಬೇಕಂದ್ರೆ ನಾನು ಸಾಯ್ಬೇಕಾಗಿತ್ತೇನೇ?”

ವಿಷಯವೇನೆಂದು ನಾನು ಬಿಡಿಸಿ ಹೇಳಿದೆ. ಚಿಕ್ಕತ್ತೆ ಕಣ್ಣೊರೆಸಿಕೊಂಡು ಕೇಳಿದರು: “ಗೆದ್ದು ಎಷ್ಟೊತ್ತಾಯ್ತು?”

“ಮೂರು ಗಂಟೆ.”

“ಏನೂ ಆಗ್ಲಿಲ್ವಾ?”

“ಕೂತು ಕೂತು ಸೊಂಟ ಹಿಡ್ಕೊಂಡೈತೆ.”

ಹೇಳಿದ ಮೇಲೆ ದೊಡ್ಡತ್ತೆಗೇ ಹೊಳೆಯಿತು. ಲೋಟ ಕೆಳಗಿಟ್ಟರು. “ಹಂಗಾದ್ರೆ ಅಮ್ಮನ್ನ ನೀನು ಕಳಿಸ್ಲಿಲ್ಲ ಕಣೇ” ಅಂದರು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಚಿಕ್ಕತ್ತೆ ಹಾರವನ್ನು ಮಡಿಲಲ್ಲಿಟ್ಟುಕೊಂಡು ಅಕ್ಕನ ಪಕ್ಕ ಕೂತರು. “ಅವತ್ತು ನಾನಾಗಿ ಗೆಲ್ಲಿಸ್ಲಿಲ್ಲಕ್ಕಾ. ಅಮ್ಮಾನೇ ಕೇಳಿದ್ಲು. ಸಾಕಾಯ್ತಮ್ಮಾ, ಈ ಸಲ ಹಾವಿಗೆ ಹಾಕ್ಬೇಡ ಅಂದ್ಲು.” ಇಷ್ಟು ವರ್ಷ ಅದನ್ನು ಯಾರಿಗೂ ಹೇಳದೆ ಬೈಸಿಕೊಂಡಿದ್ದರು. ದೊಡ್ಡತ್ತೆ ತಂಗಿಯ ಕೈ ಹಿಡಿದುಕೊಂಡರು. ಆ ಹಾರವನ್ನು ದೇವರಿಗೆ ಹಾಕುವಂತಿಲ್ಲ, ಅತ್ತೆಗೂ ಹಾಕುವಂತಿಲ್ಲ. ಕೊನೆಗೆ ಚಿಕ್ಕತ್ತೆಯನ್ನು ಕರೆತಂದ ಆಟೋಗೆ ಕಟ್ಟಿ ಕಳಿಸಿದೆವು.

ಈಗ ದೊಡ್ಡತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಕವಡೆ ಹಿಡಿಯಲು ಕೈಯಲ್ಲಿ ಬಲವಿಲ್ಲ; ಅವರ ಪರವಾಗಿ ನಾನೇ ಎಸೆಯುತ್ತೇನೆ, ನಾನೇ ಕಾಯಿ ನಡೆಸುತ್ತೇನೆ. ಇವತ್ತು ತಿಂಡಿಯಾದ ಮೇಲೆ ಹಾಸಿಗೆಯ ಮೇಲೇ ಪಟ ಹರಡಿದೆ. ಆಡುತ್ತ ಆಡುತ್ತ ಅವರ ಕಾಯಿಗೆ ವೈಕುಂಠ ಎರಡೇ ಮನೆ ದೂರ ಉಳಿಯಿತು. ಎಸೆದೆ. ಎರಡು ಬಿತ್ತು.

“ಸಾಕಾಯ್ತು ಕಣೋ. ಇವತ್ತು ಸೇರಿಸ್ಬಿಡು” ಅಂದರು ಅತ್ತೆ.

“ಒಂದೇ ಬಿದ್ದಿರೋದು ಅತ್ತೆ” ಎಂದು ಹೇಳಿ, ವಿಜ್ಞಾನದ ಮೇಷ್ಟರಾದ ನಾನು ಅವರ ಕಾಯಿಯನ್ನು ಹಾವಿನ ಬಾಯಲ್ಲಿ ಇಟ್ಟೆ.