ಇಂದಿರಾಬಾಯಿಯವರ ಟ್ರಂಕಿನ ಪ್ರಾಣಿಗಳು

ಹೊಸಪೇಟೆಯ ರಾಣಿಪೇಟೆಯಲ್ಲಿ ಇಂದಿರಾಬಾಯಿ ಯಾರೆಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡ್ರಾಯಿಂಗ್ ಟೀಚರು ಎಂದರೆ ಸಾಕು, ಆಟೋದವನು ನೇರ ಮನೆ ಮುಂದೆ ಇಳಿಸುತ್ತಿದ್ದ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದವರು. ಅಷ್ಟು ವರ್ಷದಲ್ಲಿ ಯಾವ ಮಗುವಿನ ಚಿತ್ರವನ್ನೂ ಮಗುವಿನ ಸಮಾಧಾನಕ್ಕೆಂದು ಚೆನ್ನಾಗಿದೆ ಎಂದವರಲ್ಲ. ಕುದುರೆಯ ಕಾಲು ಉದ್ದವಾಗಿದ್ದರೆ ಉದ್ದವಾಗಿದೆ ಎಂದೇ ಹೇಳುವರು. ಮಗು ಅತ್ತರೆ, ಅಳು ಮುಗಿಯುವವರೆಗೆ ಕಾದು ಮತ್ತೆ ಅದನ್ನೇ ಹೇಳುವರು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂಬುದೊಂದೇ ಅವರ ಪಾಠ. ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದರು. ಅದರಲ್ಲಿ ಅರ್ಧ ನಿಜವೂ ಇತ್ತು.

ಆ ಪುರುಸೊತ್ತನ್ನೆಲ್ಲ ತಿಂದದ್ದು ಮಕ್ಕಳ ಪುಸ್ತಕಗಳು. ಒಟ್ಟು ಹನ್ನೊಂದು. ಕಥೆಯೂ ಅವರದೇ, ಚಿತ್ರವೂ ಅವರದೇ. 'ರೈಲು ಕಂಡ ಎಮ್ಮೆ', 'ಕಂಪ್ಲಿಗೆ ಹೊರಟ ಕತ್ತೆ' ಇಂಥ ಹೆಸರಿನವು. ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗಿ, ನಾಲ್ಕಾರು ಜಿಲ್ಲೆಯ ಶಾಲೆಗಳ ಬೀರುಗಳಲ್ಲಿ ಕುಳಿತು, ಮಕ್ಕಳ ಕೈಗೆ ಸಿಕ್ಕಷ್ಟು ಸಿಕ್ಕಿ ಹರಿದುಹೋದವು. ಪ್ರಶಸ್ತಿ ಗಿಶಸ್ತಿ ಬರಲಿಲ್ಲ, ಅದಕ್ಕಾಗಿ ಇವರು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ.

ಅವರು ಬರೆಯುವ ರೀತಿಯೇ ಬೇರೆ. ಅದು ಶುರುವಾದದ್ದು ಸಂಡೂರಿನಲ್ಲಿ. ತಂದೆ ಅಲ್ಲಿ ಅರಮನೆಯ ಕಚೇರಿಯ ಗುಮಾಸ್ತರು. ಮಡಿ, ಏಕಾದಶಿ, ರಾಯರ ಆರಾಧನೆ ಎಂದು ಕಟ್ಟುನಿಟ್ಟಿನ ಮನೆ. ಹುಡುಗಿ ಅಂಗಳದಲ್ಲಿ ರಂಗೋಲಿ ಬರೆಯಲು ಅಡ್ಡಿಯಿರಲಿಲ್ಲ. ರಂಗೋಲಿಯ ಜಾಗದಲ್ಲಿ ಊಟಕ್ಕೆ ಬಂದ ನೆಂಟರ ಮೂಗು ಬರೆದಾಗ ಮಾತ್ರ ತಾಯಿ ಕೈ ಮೇಲೆ ಎರಡು ಬಾರಿಸಿದರು. ಮಾರನೆಯ ದಿನದಿಂದ ಅವಳು ನೆಂಟರನ್ನೆಲ್ಲ ಪ್ರಾಣಿ ಮಾಡಿ ಬರೆದಳು, ಯಾರೂ ಬೈಯಲಿಲ್ಲ. ದೊಡ್ಡವರಾದ ಮೇಲೂ ಅದೇ ಅಭ್ಯಾಸ. ಒಬ್ಬರನ್ನು ವಾರಗಟ್ಟಲೆ ನೋಡುವುದು, ಅವರು ನಡೆಯುವ, ಕೂರುವ, ಕೆಮ್ಮುವ ಬಗೆಯನ್ನು ಒಂದು ಪ್ರಾಣಿಯೊಳಗೆ ಇಳಿಸುವುದು. ಮೊದಲ ಪೆನ್ಸಿಲ್ ಚಿತ್ರದ ಕೆಳಗೆ ಆ ಮನುಷ್ಯರ ಹೆಸರು, ತಾರೀಖು. ಅಚ್ಚಿನಲ್ಲಿ ಹೆಸರು ಇರುತ್ತಿರಲಿಲ್ಲ. ಪೆನ್ಸಿಲ್ ಚಿತ್ರಗಳೆಲ್ಲ ಪಡಸಾಲೆಯ ಕಬ್ಬಿಣದ ಟ್ರಂಕು ಸೇರಿದವು.

2007ರ ಬೇಸಿಗೆಯಲ್ಲಿ ಆ ಟ್ರಂಕಿನ ಬೀಗ ತೆಗೆಸಿದವಳು ಅರ್ಚಿತಾ. ಹಂಪಿಯ ಹತ್ತಿರ ಹೊಸದಾಗಿ ತೆರೆದ ಮಕ್ಕಳ ಸಾಹಿತ್ಯದ ಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡುವ ಹುಡುಗಿ. ವಾರಕ್ಕೆರಡು ದಿನ ಬರುವಳು. ಬರುವಷ್ಟರಲ್ಲಿ ಅದಿರು ಲಾರಿಗಳ ಸಾಲಿನ ಹಿಂದೆ ಬಸ್ಸು ತೆವಳಿ, ಅವಳ ಬಿಳಿ ದುಪಟ್ಟ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಊರಿನ ಎಲ್ಲದರ ಮೇಲೂ ಆಗ ಅದೇ ಬಣ್ಣ. ಒಣಗಲು ಹಾಕಿದ ಸೀರೆಯ ಮೇಲೆ, ತುಳಸಿಯ ಮೇಲೆ, ಮುಚ್ಚಿದ ಟ್ರಂಕಿನೊಳಗಿನ ಕಾಗದದ ಮೇಲೂ. ಕಾಗದಗಳನ್ನು ಒಂದೊಂದಾಗಿ ಎತ್ತಿ ಹಳೆಯ ಮಲ್ ಬಟ್ಟೆಯಿಂದ ಧೂಳು ಒರೆಸುತ್ತಿದ್ದವಳು ಶಾಂತಕ್ಕ. ಒರೆಸಿದ್ದಕ್ಕೆ ಅರ್ಚಿತಾ ನಂಬರು ಕೊಟ್ಟು ಪಟ್ಟಿಯಲ್ಲಿ ಬರೆಯುವಳು: ಯಾವ ಪ್ರಾಣಿ, ಯಾವ ಮನುಷ್ಯ, ಯಾವ ವರ್ಷ.

ಶಾಂತಕ್ಕ ಕಂಪ್ಲಿಯವಳು, ಅದೇ ಶಾಲೆಯಲ್ಲಿ ಆಯಾ ಆಗಿದ್ದವಳು. ಟೀಚರು ನಿವೃತ್ತರಾದ ಮೇಲೂ, ತಾನು ನಿವೃತ್ತಳಾದ ಮೇಲೂ ಬೆಳಗಿನ ಹೊತ್ತು ಈ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಬಣ್ಣದ ನೀರು ಬದಲಿಸುವುದು, ಬ್ರಷ್ಷು ತೊಳೆಯುವುದು, ಕಾಗದ ಗಾಳಿಗೆ ಹಾರದಂತೆ ಅಂಚು ಒತ್ತಿ ಹಿಡಿಯುವುದು ಅವಳ ಕೆಲಸ. ಪಡಸಾಲೆಯಿಂದ ಒಳಗೆ, ನಡುಮನೆಯ ಹೊಸ್ತಿಲನ್ನು ಅವಳು ಎಂದೂ ದಾಟಿರಲಿಲ್ಲ. ಬಾ ಎಂದು ಇವರು ಕರೆದಿರಲಿಲ್ಲ, ಬರಲೇ ಎಂದು ಅವಳು ಕೇಳಿರಲಿಲ್ಲ.

ಟ್ರಂಕಿನಲ್ಲಿ ಊರವರ ಹೆಸರಿವೆಯೆಂಬ ಸುದ್ದಿ ಹೊರಗೆ ಬಿದ್ದಾಗ ಇಂದಿರಾಬಾಯಿ ಹೆದರಿದರು. ಜನ ಜಗಳಕ್ಕೆ ಬರುತ್ತಾರೆಂದು ಅವರು ಎಣಿಸಿದ್ದರು. ಬಂದವರಲ್ಲಿ ಮೊದಲಿಗ ದೊಡ್ಡಬಸಪ್ಪ. ಒಂದು ಕಾಲದಲ್ಲಿ ರೈಲ್ವೆ ಸ್ಟೇಷನ್ನಿನ ಎದುರು ಸೈಕಲ್ ಬಾಡಿಗೆಗೆ ಕೊಡುತ್ತಿದ್ದವನು. ಈಗ ಸಂಡೂರಿನ ಕಡೆ ಅದಿರಿನ ಅರ್ಧ ಗುಡ್ಡ ಅವನದು, ಮನೆ ಮುಂದೆ ನಾಲ್ಕು ಕಾರು.

"ನಾನು ನರಿ ಏನ್ರಿ ಟೀಚರ್? ಖರೇ ಹೇಳ್ರಿ, ಸಿಟ್ಟಾಗಂಗಿಲ್ಲ."

"ಅಲ್ಲಪ್ಪ, ಕೊಕ್ಕರೆ. ಒಂಟಿಕಾಲಲ್ಲಿ ನಿಂತು ಗಿರಾಕಿ ಕಾಯ್ತಿದ್ದಿ ನೋಡು, ಅದ ಬರದೀನಿ."

ದೊಡ್ಡಬಸಪ್ಪ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಮಸ್ತ್ ಐತ್ರಿ! ಜಲ್ದಿ ಇದರದೊಂದು ದೊಡ್ಡ ಜೆರಾಕ್ಸ್ ತಗಸ್ರಿ, ಆಫೀಸಿನಾಗ ಹಾಕ್ತೀನಿ." ಅವನ ಹಿಂದೆ ಹಾಲಿನ ಗಾಳೆಪ್ಪ ಬಂದ, ಆಮೆಯಾಗಿ ಹಿಗ್ಗಿದ. ಒಂದು ತಿಂಗಳು ಪಡಸಾಲೆ ಸಂತೆಯಾಯಿತು. ಹೆಗ್ಗಣ ಎಂದು ಬರೆಸಿಕೊಂಡವರೂ ಖುಷಿಯಿಂದ ಹೋದರು. ಮನುಷ್ಯರಿಗೆ ಬೈಸಿಕೊಂಡರೂ ಚಿಂತೆಯಿಲ್ಲ, ಲೆಕ್ಕದಲ್ಲಿದ್ದರೆ ಸಾಕು ಎಂಬುದು ಆ ವಯಸ್ಸಿನಲ್ಲಿ ಇಂದಿರಾಬಾಯಿಗೆ ಹೊಸದಾಗಿ ತಿಳಿಯಿತು.

ಟ್ರಂಕಿನ ತಳ ಕಾಣತೊಡಗಿದ ದಿನ ಶಾಂತಕ್ಕ ಧೂಳಿನ ಬಟ್ಟೆಯನ್ನು ಕೊಡವುತ್ತ, ತಲೆ ಎತ್ತದೆ ಕೇಳಿದಳು: "ಟೀಚರಮ್ಮ, ನಾನು ಯಾವುದದೀನ್ರಿ?"

"ಇರ್ತೀಯ, ಇನ್ನೂ ಕಾಗದ ಅವ ಅಲ್ಲ," ಎಂದರು ಇಂದಿರಾಬಾಯಿ.

ಇಲ್ಲವೆಂದು ಅವರಿಗೆ ಗೊತ್ತಿತ್ತು. ಪಟ್ಟಿಯಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರಿದ್ದವು. ಒಂದೇ ದಿನ ಶಾಲೆಗೆ ಬಂದು ಹೋದ ಇನ್‌ಸ್ಪೆಕ್ಟರ್ ಸಹ ಹುಂಜವಾಗಿದ್ದ. ಆ ಚಿತ್ರಗಳ ಅಂಚು ಒತ್ತಿ ಹಿಡಿದ ಕೈಯವಳು ಮಾತ್ರ ಎಲ್ಲೂ ಇರಲಿಲ್ಲ. ಕಂಡದ್ದನ್ನು ಬರೆಯಿರಿ ಎಂದು ಊರಿಗೆಲ್ಲ ಕಲಿಸಿದವರು, ದಿನಾ ಮೊಳ ದೂರದಲ್ಲಿ ಕೂತವಳನ್ನು ಕಂಡೇ ಇರಲಿಲ್ಲ. ಇಂದಿರಾಬಾಯಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಟ್ರಂಕು ಬರಿದಾದ ದಿನ ಇವಳಿಗೆ ಏನು ಹೇಳುವುದೆಂದು. ಮತ್ತೆ ಆ ದಿನದಿಂದ ಇವಳು ಬಾರದೆ ಹೋದರೆ ಏನು ಮಾಡುವುದೆಂದು.

ಆ ವಾರ ಅವರು ಶಾಂತಕ್ಕನನ್ನು ನೋಡಿದರು. ಕಸ ಗುಡಿಸುವಾಗ, ಬಾವಿಯಿಂದ ನೀರು ಸೇದುವಾಗ, ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುವಾಗ. "ಯಾಕ್ರಿ ಟೀಚರಮ್ಮ, ಮಾರಿಗೆ ಏನರ ಹತ್ತೇತೇನ್ರಿ?" ಎಂದು ಅವಳು ಎರಡು ಸಲ ಸೆರಗಿನಿಂದ ಮುಖ ಒರೆಸಿಕೊಂಡಳು. ಹಸು ಬರೆದರು, ಮುಖಸ್ತುತಿಯಾಯಿತು. ಇರುವೆ ಬರೆದರು, ಅವಮಾನವಾಯಿತು. ಎರಡನ್ನೂ ಹರಿದರು. ಐದನೆಯ ದಿನ, ಕೊಡದ ಮೇಲಿಂದ ಕತ್ತೆತ್ತಿ ಬೀದಿಯನ್ನು ಒಮ್ಮೆ ಪೂರ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ ಅವಳನ್ನು ಕಂಡಾಗ ಪ್ರಾಣಿ ಸಿಕ್ಕಿತು. ಕಂಪ್ಲಿಯ ಹೊಳೆಯಲ್ಲಿರುವ ನೀರುನಾಯಿ. ನೀರಿನ ಮೇಲೆ ತಲೆ ಮಾತ್ರ. ಎಲ್ಲರನ್ನೂ ನೋಡುವ ಎರಡು ಕಣ್ಣು.

ಇನ್ನು ಮುಂದಿನದನ್ನು ಇಂದಿರಾಬಾಯಿಯ ವಿದ್ಯಾರ್ಥಿನಿಯರು ಕೇಳಿದರೆ ನಂಬಲಾರರು. ಟ್ರಂಕಿನ ತಳದಿಂದ ಬರೆಯದೆ ಉಳಿದಿದ್ದ ಹಳದಿಗಟ್ಟಿದ ಹಾಳೆಯೊಂದನ್ನು ಆರಿಸಿ, ಅದರ ಮೇಲೆ ನೀರುನಾಯಿಯನ್ನು ಬರೆದು, ಕೆಳಗೆ ಶಾಂತಕ್ಕ ಎಂಬ ಹೆಸರನ್ನೂ 12-8-1966 ಎಂಬ ತಾರೀಖನ್ನೂ ಹಾಕಿ, ಅದೇ ವರ್ಷದ 'ಕಂಪ್ಲಿಗೆ ಹೊರಟ ಕತ್ತೆ'ಯ ಕಾಗದಗಳ ನಡುವೆ ತೂರಿಸಿಟ್ಟರು. ಬದುಕಿನಲ್ಲಿ ಬರೆದ ಮೊದಲ ಸುಳ್ಳು. ಬರೆದ ಮೇಲೆ ಎರಡು ಲೋಟ ನೀರು ಕುಡಿದರು.

ಗುರುವಾರ ಅರ್ಚಿತಾ ಆ ಹಾಳೆಯನ್ನು ಎತ್ತಿದಳು. ಉಳಿದ ಚಿತ್ರಗಳ ಗೆರೆ ಚಾಟಿ ಬೀಸಿದ ಹಾಗಿದ್ದರೆ ಇದರ ಗೆರೆ ಉದ್ದಕ್ಕೂ ನಡುಗಿತ್ತು. ಎಪ್ಪತ್ಮೂರು ವರ್ಷದ ಕೈಯ ನಡುಕ ಅದು. ಹುಡುಗಿ ಹಾಳೆಯನ್ನು ನೋಡಿದಳು, ಇಂದಿರಾಬಾಯಿಯ ಬೆರಳುಗಳನ್ನು ನೋಡಿದಳು. ಜಾಣೆ, ತಿಳಿದುಕೊಂಡಳು. ಶಾಂತಕ್ಕನ ಕೈಗೆ ಕೊಟ್ಟಳು.

"ಅಯ್ಯ, ನೀರುನಾಯಿ!" ಶಾಂತಕ್ಕನ ಮುಖ ಅರಳಿತು. "ಮೀನಿನ ಬಲಿ ಹರಿಯೋ ಮುಂಡೇವು ಅಂತ ನಮ್ಮಪ್ಪ ಬಾಯಿಗೆ ಬಂದಂಗ ಬೈತಿದ್ನ್ರಿ ಇವನ್ನ. ಕಣ್ಣು ನೋಡ್ರಿ, ಭಾಳ ಚಲೋ ಆಗ್ಯಾವ." ಕಣ್ಣಿನಿಂದ ಕೆಳಗಿಳಿದು ತನ್ನ ಹೆಸರಿನ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ಬೆರಳು ತಾರೀಖಿನ ಮೇಲೆ ನಿಂತಿತು.

"ಅರವತ್ತಾರರಾಗ ನಾನು ಕಂಪ್ಲ್ಯಾಗ ಗದ್ದಿ ನಾಟಿ ಹಚ್ಚಾಕ ಹೋಗ್ತಿದ್ದೆನ್ರಿ. ಸಾಲಿಗೆ ಬಂದಿದ್ದು ಎಪ್ಪತ್ತೊಂದರಾಗ."

ಬೀದಿಯಲ್ಲಿ ಲಾರಿಯೊಂದು ಹೋಗಿ ಕಿಟಕಿಯ ಗಾಜು ಅದುರಿತು. ಸುಳ್ಳು ಸಿಕ್ಕಿಬಿದ್ದದ್ದು ಇಂದಿರಾಬಾಯಿಗೆ ಅಷ್ಟು ನೋಯಲಿಲ್ಲ. ಇವಳು ತನ್ನ ಬದುಕಿಗೆ ಬಂದ ವರ್ಷವೂ ತನಗೆ ಗೊತ್ತಿರಲಿಲ್ಲವಲ್ಲ, ಅದು ನೋಯಿತು.

ಅರ್ಚಿತಾ ಪಟ್ಟಿಯನ್ನು ಹತ್ತಿರ ಎಳೆದುಕೊಂಡಳು. "ಮೇಡಂ ಕಣ್ತಪ್ಪಿನಿಂದ ಹಾಕಿರಬೇಕು. ಎಪ್ಪತ್ತೊಂದು ಅಂತ ಬರಕೊಳ್ಳಲಾ?"

"ಬ್ಯಾಡ ತಂಗಿ," ಎಂದಳು ಶಾಂತಕ್ಕ. ಹಾಳೆಯನ್ನು ಇಂದಿರಾಬಾಯಿಯ ಮುಂದೆ ಇಟ್ಟು, ಎಂದಿನಂತೆ ಅದರ ಅಂಚನ್ನು ಒತ್ತಿ ಹಿಡಿದಳು. "ಈ ವಾರದ ತಾರೀಖ ಹಾಕ್ರಿ ಟೀಚರಮ್ಮ. ನೀವು ನನ್ನ ನೋಡಿದ್ದು ಈ ವಾರ."

ಇಂದಿರಾಬಾಯಿ ರಬ್ಬರು ಹುಡುಕಿದರು. ಹಳೆಯ ಕಾಗದ, ಅಳಿಸುವಾಗ ಅರವತ್ತಾರರ ಜಾಗದಲ್ಲಿ ಸ್ವಲ್ಪ ಹರಿಯಿತು. ಹರಿದದ್ದರ ಪಕ್ಕದಲ್ಲಿ, ನಡುಗುವ ಕೈಯನ್ನು ಮರೆಮಾಚದೆ, ಆ ದಿನದ ತಾರೀಖು ಹಾಕಿ, ಕೊನೆಗೆ 2007 ಎಂದು ಬರೆದರು.